ಹವಾಲ್ದಾರನಿಗೆ ಒಂದು ದನಿ

ಮಧ್ಯಾಹ್ನ ಮೂರಕ್ಕೆ ಹುಮನಾಬಾದಿನ ಕಾರ್ಖಾನೆಗಳ ಕಡೆಯಿಂದ ಪಾಳಿ ಬದಲಾಗುವ ಸೈರನ್ ಕೂಗಿತೆಂದರೆ ಹವಾಲ್ದಾರ ನಡುಗಲು ಶುರುಮಾಡುತ್ತಿದ್ದ. ಹೆಸರು ಹವಾಲ್ದಾರ, ಮೈಬಣ್ಣ ಖಾಕಿ, ಮೂತಿಯ ಎರಡೂ ಕಡೆ ಮೀಸೆ ಬೇರೆ. ಧೈರ್ಯವೊಂದನ್ನು ಮಾತ್ರ ಮೇಲಿನವರು ಮಂಜೂರು ಮಾಡಿರಲಿಲ್ಲ. ಮೊದಲು ಬಾಲ ಹೊಟ್ಟೆಯ ಕೆಳಗೆ ಹೋಗುವುದು, ಆಮೇಲೆ ಜೊಲ್ಲು, ಆಮೇಲೆ ಬಾಗಿಲು ಕೆರೆಯುವುದು, ಕೊನೆಗೆ ಕತ್ತೆತ್ತಿ ಒಂದು ಊಳು. ಸೈರನ್ ಒಂದು ನಿಮಿಷಕ್ಕೆ ದಣಿಯುತ್ತಿತ್ತು. ನಾಯಿ ದಣಿಯುತ್ತಿರಲಿಲ್ಲ.

ಮೂರು ತಿಂಗಳ ಹಿಂದಿನವರೆಗೆ ಇದೇ ಸೈರನ್ನಿಗೆ ಅದು ಗೇಟಿಗೆ ಹೋಗಿ ಕಿವಿ ನಿಮಿರಿಸಿ ಕೂಡುತ್ತಿತ್ತು. ಹತ್ತು ನಿಮಿಷಕ್ಕೆ ಔಷಧ ಕಾರ್ಖಾನೆಯ ಪಾಳಿ ಮುಗಿಸಿದ ನರಸಿಂಗ ಸೈಕಲ್ ತುಳಿಯುತ್ತ ಬಂದೇ ಬರುತ್ತಿದ್ದ. ಸಂಕ್ರಾಂತಿ ಮುಗಿದ ವಾರ ನರಸಿಂಗನಿಗೆ ಎದೆನೋವು ಬಂತು. ಕಲಬುರಗಿಯ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಅದನ್ನು ನಾಯಿಗೆ ತಿಳಿಸುವ ಬಗೆ ಯಾರಿಗೂ ಗೊತ್ತಿರಲಿಲ್ಲ. ಸೈರನ್ ಮಾತ್ರ ದಿನಾ ತಪ್ಪದೆ, ಬಂದ, ಬಂದ ಎಂದು ಹೇಳುತ್ತಲೇ ಇತ್ತು.

ಉಳಿದವನು ಮಚ್ಚೇಂದ್ರ. ಮನೆಯೊಡತಿ ಸರ್ದಾರಬಿಯ ಹಿತ್ತಲ ಬಾಡಿಗೆ ಖೋಲಿಯಲ್ಲಿ ಅವನೂ ನರಸಿಂಗನೂ ಹನ್ನೊಂದು ವರ್ಷ ಒಂದೇ ಒಲೆಯ ರೊಟ್ಟಿ ಉಂಡಿದ್ದರು. ಇಬ್ಬರಿಗೂ ಮದುವೆ ಆಗಿರಲಿಲ್ಲ. ಮೊದಲು ಹೆಣ್ಣು ತೋರಿಸುವವರು ಸಿಗಲಿಲ್ಲ, ಆಮೇಲೆ ನೋಡಬೇಕೆಂಬ ನೆನಪೂ ಉಳಿಯಲಿಲ್ಲ. ನರಸಿಂಗ ಮಾತು ಕಡಿಮೆಯ ಮನುಷ್ಯ. ಆ ಕೊರತೆಯನ್ನು ಮಚ್ಚೇಂದ್ರ ಬಡ್ಡಿಸಮೇತ ತುಂಬುತ್ತಿದ್ದ.

ಮಾತೇ ಅವನ ಕಸುಬು. ಆಟೋದ ನೆತ್ತಿಗೆ ಭೋಂಗಾ ಕಟ್ಟಿಕೊಂಡು ಹುಮನಾಬಾದು, ಹಳ್ಳಿಖೇಡ, ಬಸವಕಲ್ಯಾಣ ಸುತ್ತಿ, ಸೀರೆ ಸೇಲಿನಿಂದ ಹಿಡಿದು ನಳ ಬರದ ಸುದ್ದಿಯವರೆಗೆ ಎಲ್ಲವನ್ನೂ ಸಾರುತ್ತಿದ್ದ. ಅದೂ ತನ್ನ ದನಿಯಲ್ಲಲ್ಲ. ಸೀರೆಗೆ ರೇಡಿಯೋದ ವಾರ್ತೆ ಓದುವಾಕೆ, ಗೊಬ್ಬರಕ್ಕೆ ಕೃಷಿ ಸಾಹೇಬರು, ಕಳೆದ ಎಮ್ಮೆಗೆ ಸ್ವತಃ ಎಮ್ಮೆ. ಎಮ್ಮೆ ಸಾರಿದ ದಿನ ಹಳ್ಳಿಖೇಡದಲ್ಲಿ ನಾಲ್ಕು ಎಮ್ಮೆಗಳು ಆಟೋದ ಹಿಂದೆ ಬಂದವೆಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಸುಮ್ಮನಿದ್ದಾಗ ಮಾತ್ರ ಅವನು ಅವನೇ ಆಗಿರುತ್ತಿದ್ದ. ಸುಮ್ಮನಿರುವುದೊಂದು ಅವನಿಗೆ ಬರುತ್ತಿರಲಿಲ್ಲ.

ಈಗ ಖೋಲಿಯಲ್ಲಿ ಕೇಳುವವರಿರಲಿಲ್ಲ. ಸಂಜೆ ಒಲೆ ಹೊತ್ತಿಸಿ, ತಹಶೀಲ್ದಾರರಂತೆ ಕೆಮ್ಮಿ, ನಗು ಬರಲೆಂದು ಕಾಯುವನು. ಹಿತ್ತಾಳೆಯ ಪಾತೇಲಿ ನಗುತ್ತಿರಲಿಲ್ಲ. ಹವಾಲ್ದಾರ ಒಮ್ಮೆ ಕಣ್ಣು ತೆರೆದು, ಇವನಲ್ಲವೆಂದು ಖಾತ್ರಿಪಡಿಸಿಕೊಂಡು ಮುಚ್ಚುತ್ತಿತ್ತು. ನಾಯಿಗೆ ಅನ್ನ ಹಾಕುವವನು ಇವನೇ. ಆದರೂ ಅದರ ಲೆಕ್ಕದಲ್ಲಿ ಇವನು ನರಸಿಂಗನ ಸಾಮಾನುಗಳ ಪೈಕಿ ಒಂದು.

ಈಗ ಆ ನಾಯಿಯೂ ಹೋಗುವ ಹೊತ್ತು ಹತ್ತಿರ ಬಂತು. ಸರ್ದಾರಬಿಯ ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸು ಮಲಗುವುದು ಮೂರಕ್ಕೆ, ನಾಯಿ ಊಳಿಡುವುದೂ ಮೂರಕ್ಕೆ. ಸರ್ದಾರಬಿ ಕೆಟ್ಟವಳಲ್ಲ, ನರಸಿಂಗ ಸತ್ತಾಗ ಎರಡು ದಿನ ಊಟ ಕಳಿಸಿದವಳು. ಹಾಗಾಗಿಯೇ ಮಾತನ್ನು ಮೆತ್ತಗೆ ಆಡಿದಳು.

“ಬೇಟಾ, ನೀ ಇದ್ದಾಗ ಒದರಿದ್ರ ನಾ ಸಹಿಸ್ತೀನಿ. ನೀ ಇಲ್ಲದಾಗ ಇನ್ನೊಂದು ಸಲ ಒದರಿತಂದ್ರ, ಅದಕ್ಕ ಬ್ಯಾರೆ ಜಾಗ ನೋಡಬೇಕಾಗ್ತದ.”

ಬೇರೆ ಜಾಗ ಅಂದರೆ ಹೆದ್ದಾರಿಯಲ್ಲಿ ಬಿಟ್ಟುಬರುವುದು ಎಂದು ಇಬ್ಬರಿಗೂ ಗೊತ್ತಿತ್ತು.

ಮಚ್ಚೇಂದ್ರ ದನದ ದವಾಖಾನೆಗೆ ಹೋದ. ಅಲ್ಲಿಯ ಕಂಪೌಂಡರ್ ಧನರಾಜ. ಹೆಸರಿಗೂ ಕೆಲಸಕ್ಕೂ ಒಂದೇ ಒಂದು ಮಹಾಪ್ರಾಣದ ಅಂತರ. ಓಣಿಯವರು ಗಸಗಸೆ ಅರೆದು ಹಾಲಿನಲ್ಲಿ ಹಾಕಲು ಹೇಳಿದ್ದಾರೆಂದು ಕೇಳಿದಾಗ ಧನರಾಜ ಕುರ್ಚಿಯಿಂದ ಅರ್ಧ ಎದ್ದ.

“ಹಾಕಬ್ಯಾಡ್ರಿ. ನಾಯಿ ಮಲಗ್ತದ ಖರೆ, ಏಳೋದಕ್ಕ ನಾ ಜವಾಬ್ದಾರ ಅಲ್ಲ.”

ಆಮೇಲೆ ಸಮಾಧಾನವಾಗಿ ಕೂತು, ಗುಳಿಗೆಯಿಲ್ಲದೆ ಆಗುವ ನಾಲ್ಕು ಉಪಾಯ ಹೇಳಿದ. ಸೈರನ್ನಿಗೆ ಮೊದಲು ದೂರ ಓಡಾಡಿಸಿ ಮೈ ದಣಿಸಬೇಕು. ಕಿವಿಯ ಬುಡದಿಂದ ಬೆನ್ನಿನವರೆಗೆ ನಿಧಾನವಾಗಿ ತಿಕ್ಕಬೇಕು. ಕೂಸಿಗೆ ಸುತ್ತಿದಂತೆ ಎದೆಗೆ ಅರಿವೆ ಬಿಗಿಯಾಗಿ ಸುತ್ತಬೇಕು. ಸಾಕಿದವನ ಒಗೆಯದ ಬಟ್ಟೆ ಹಾಸಬೇಕು. ಅಶ್ವಗಂಧ ಕೊಡಬೇಕೆಂದರೆ ಎಷ್ಟೆಂದು ಡಾಕ್ಟರನ್ನು ಕೇಳಿಯೇ ಕೊಡಬೇಕು, ಕಿರಾಣಿಯವನನ್ನು ಕೇಳಿ ಅಲ್ಲ.

ಒಂದೊಂದನ್ನೂ ಮಾಡಿದ. ಏಪ್ರಿಲ್ ಬಿಸಿಲಲ್ಲಿ ಓಡಾಡಿ ದಣಿದವನು ಮಚ್ಚೇಂದ್ರ. ಡಾಕ್ಟರ್ ಅಳೆದು ಹೇಳಿದ ಅಶ್ವಗಂಧವನ್ನು, ಕುದುರೆಯ ಹೆಸರಿನ ಬೇರು ತನಗೇಕೆ ಎಂಬಂತೆ, ಹವಾಲ್ದಾರ ಅನ್ನದಿಂದ ಬೇರ್ಪಡಿಸಿ ತಾಟಿನ ಅಂಚಿಗಿಟ್ಟಿತು. ಎದೆಗೆ ತನ್ನ ಹಳೆಯ ಪಂಚೆ ಸುತ್ತಿದಾಗ ನಡುಕ ಅರ್ಧ ಇಳಿದದ್ದು ನಿಜ. ಆದರೆ ಸೈರನ್ ಕೂಗಿದ್ದೇ ಪಂಚೆಸಮೇತ ಹೋಗಿ ಬಾಗಿಲು ಕೆರೆಯಿತು. ನರಸಿಂಗನ ಒಗೆಯದ ಬಟ್ಟೆ ಎಲ್ಲಿಂದ ತರುವುದು? ಬಸವಕಲ್ಯಾಣದ ಅವನ ಅಕ್ಕ ದ್ರೌಪತಿ ದಿನಕರ್ಮದ ಮರುದಿನವೇ ಎಲ್ಲವನ್ನೂ ಒಗೆದು ಒಣಗಿಸಿ, ಬೇಕಾದವರಿಗೆ ಹಂಚಿದ್ದಳು.

ಮತ್ತೆ ಹೋದಾಗ ಧನರಾಜ, ಖೋಲಿಯಲ್ಲಿ ಗೊತ್ತಿರುವ ದನಿಯೊಂದು ಸಣ್ಣಗೆ ಕೇಳುತ್ತಿರಲಿ, ಸೈರನ್ ಅದರೊಳಗೆ ಮುಳುಗುತ್ತದೆ ಎಂದ.

ಗೊತ್ತಿರುವ ದನಿ. ಮಚ್ಚೇಂದ್ರ ಅಂದು ಮನೆಗೆ ಹೋಗುವಾಗ ಎರಡು ಅಡಿಕೆ ಕೊಂಡ. ನರಸಿಂಗನ ಎಡದವಡೆಯಲ್ಲಿ ಸದಾ ಒಂದು ಅಡಿಕೆ ಇರುತ್ತಿತ್ತು. ಅವನ ಮಾತುಗಳು ಅದನ್ನು ಸುತ್ತಿಕೊಂಡು ಬರುತ್ತಿದ್ದವು. ಮೂರು ತಿಂಗಳಲ್ಲಿ ಒಮ್ಮೆಯೂ ಮಾಡದ ಮಿಮಿಕ್ರಿ ಅದು. ಅಡಿಕೆ ದವಡೆಗಿಟ್ಟು, ಎರಡು ಸಲ ಗಂಟಲು ಸರಿಮಾಡಿ, ಸೈರನ್ ಕೂಗಿದಾಗ ಹೇಳಿದ: “ಏ ಹವಾಲ್ದಾರ, ಅಂಜಬ್ಯಾಡಲೇ. ನಾ ಬಂದೀನಿ ನೋಡು.”

ನಾಯಿ ಕಲ್ಲಾಯಿತು. ಆಮೇಲೆ ಖೋಲಿಯನ್ನೆಲ್ಲ ಮೂಸಿತು, ಮಂಚದ ಕೆಳಗೆ, ಕಪಾಟಿನ ಸಂದಿ, ಸೈಕಲ್ಲಿನ ಸೀಟು. ಮಚ್ಚೇಂದ್ರನ ಬಾಯಿಯನ್ನೂ ಮೂಸಿ, ದಾಟಿ ಹೋಯಿತು. ಕೊನೆಗೆ ಬಾಗಿಲಿಗೆ ಮೂತಿ ಹಚ್ಚಿ ಮಲಗಿತು. ಊಳಿಡಲಿಲ್ಲ. ಕಣ್ಣನ್ನೂ ಮುಚ್ಚಲಿಲ್ಲ. ಮಚ್ಚೇಂದ್ರನಿಗೆ ಅಷ್ಟೇ ಸಾಕಾಗಿತ್ತು. ಅಡಿಕೆ ಉಗುಳಿದ ಮೇಲೂ ಅರ್ಧ ತಾಸು ಅವನ ದವಡೆ ಅದರ ಜಾಗ ಬಿಟ್ಟುಕೊಟ್ಟೇ ಇತ್ತು.

ಆ ವಾರ ಬಸವಕಲ್ಯಾಣದಲ್ಲಿ ಕಣ್ಣಿನ ತಪಾಸಣೆಯ ಶಿಬಿರ ಸಾರುವ ಕೆಲಸ ಬಂತು. ಶಿಬಿರದ ಡಾಕ್ಟರ್ ಅನುರಾಧಾ ಒಂದೇ ಷರತ್ತು ಹಾಕಿದ್ದರು: ಯಾರ ದನಿಯೂ ಬೇಡ, ಜನ ನಗುತ್ತ ತಾರೀಖು ಮರೆಯುತ್ತಾರೆ, ನಿಮ್ಮ ದನಿಯಲ್ಲೇ ಸುಮ್ಮನೆ ಹೇಳಿ. ಮಚ್ಚೇಂದ್ರ ಹದಿನಾಲ್ಕು ಸಲ ರೆಕಾರ್ಡ್ ಮಾಡಿದ. ಮೊದಲ ಹತ್ತರಲ್ಲಿ ಯಾರೋ ಒಬ್ಬರು ನುಸುಳಿಯೇ ಬಿಡುತ್ತಿದ್ದರು. ಹದಿನಾಲ್ಕನೆಯದು ಬಡಕಲಾಗಿ, ಸ್ವಲ್ಪ ನಾಚಿಕೆಯಿಂದ, ನೆಂಟರ ಮನೆಯ ಬಾಗಿಲಲ್ಲಿ ನಿಂತವನಂತೆ ಬಂತು. ಇದು ನಂದೇ ಇರಬೇಕು ಎಂದುಕೊಂಡು ಅದನ್ನೇ ಪೆನ್ ಡ್ರೈವಿಗೆ ಹಾಕಿದ. ಅದೇ ಕೂತಲ್ಲಿ ಇನ್ನೊಂದು ಪೆನ್ ಡ್ರೈವಿಗೆ, ತಾನಿಲ್ಲದಾಗ ನಾಯಿಗೆ ಕೇಳಲೆಂದು, ನರಸಿಂಗನ ದನಿ ತುಂಬಿದ. ಎರಡೂ ಕರಿ ಬಣ್ಣದವು.

ಹೊರಡುವ ಹೊತ್ತಿಗೆ ಕರೆಂಟು ಹೋಗಿತ್ತು. ಮಧ್ಯಾಹ್ನ ಒಂದಕ್ಕೆ ಬರುತ್ತದೆಂದು ಗೊತ್ತಿತ್ತು. ಗೋಡೆಯ ಮಾಡದಲ್ಲಿದ್ದ ಸ್ಪೀಕರಿಗೆ ಪೆನ್ ಡ್ರೈವ್ ಚುಚ್ಚಿ, ಸ್ವಿಚ್ ಹಾಕಿಟ್ಟ. ಹವಾಲ್ದಾರನ ಎದೆಗೆ ಪಂಚೆ ಸುತ್ತಿ ಹೊರಬಿದ್ದ. ಕರೆಂಟಿದ್ದರೆ ತಪ್ಪು ಅಲ್ಲಿಯೇ ಗೊತ್ತಾಗುತ್ತಿತ್ತು.

ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ಹೊರಳಿ, ಬಸವಕಲ್ಯಾಣ ಮುಟ್ಟಿ, ಹೋಟೆಲಿನಲ್ಲಿ ಉಂಡು, ಬಿಸಿಲು ಕೊಂಚ ಓರೆಯಾಗಲೆಂದು ಕಾದು, ಎರಡೂವರೆಗೆ ತ್ರಿಪುರಾಂತದ ಓಣಿಯಲ್ಲಿ ಭೋಂಗಾ ಹಚ್ಚಿದ. ಗಂಟಲು ಎರಡು ಸಲ ಸರಿಮಾಡಿಕೊಂಡ ಸದ್ದು ಓಣಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಆಮೇಲೆ ಅಡಿಕೆ ಸುತ್ತಿದ ದನಿ: “ಏ ಹವಾಲ್ದಾರ, ಅಂಜಬ್ಯಾಡಲೇ. ನಾ ಬಂದೀನಿ ನೋಡು.”

ಮಚ್ಚೇಂದ್ರನಿಗೆ ಕೈ ಆಡಲಿಲ್ಲ. ದನಿ ಮತ್ತೆ ಬಂತು. ಮೂರನೆಯ ಸಲ ಬರುವಷ್ಟರಲ್ಲಿ ಎಡಗಡೆಯ ಮನೆಯಿಂದ ಹೆಂಗಸೊಬ್ಬಳು ಬರಿಗಾಲಲ್ಲಿ ಓಡಿಬಂದಳು. ಎರಡೂ ಕೈಗೆ ಜೋಳದ ಹಿಟ್ಟು. ನರಸಿಂಗನ ಅಕ್ಕ ದ್ರೌಪತಿ. ಅವಳು ಮಚ್ಚೇಂದ್ರನತ್ತ ನೋಡಲೇ ಇಲ್ಲ. ಆಟೋದ ಹಿಂದಿನ ಸೀಟಿಗೆ ತಲೆ ಹಾಕಿ ಹುಡುಕಿದಳು, ಥೇಟ್ ನಾಯಿ ಹುಡುಕಿದ ಹಾಗೆ.

“ಎಲ್ಲಿ ಹಾನ?” ಎಂದು ಕೇಳಿದಳು.

ಮಚ್ಚೇಂದ್ರ ಭೋಂಗಾ ಆರಿಸಿದ. “ನಾನ ಅಕ್ಕಾ. ಅದು ನಾ ಮಾಡಿದ್ದು.”

ದ್ರೌಪತಿ ಆಟೋದ ಮೆಟ್ಟಿಲ ಮೇಲೆ ಕೂತಳು. ಬೈಯುತ್ತಾಳೆಂದು ಅವನು ಕಾದ, ಬೈದಿದ್ದರೆ ಬದುಕುತ್ತಿದ್ದ. ಅವಳು ಕೈಯ ಹಿಟ್ಟನ್ನು ಬೆರಳಿನಿಂದ ಬೆರಳಿಗೆ ಉದುರಿಸುತ್ತ ಇದ್ದಳು. ಆಮೇಲೆ, ಇನ್ನೊಮ್ಮೆ ಹಚ್ಚು ಎಂದಳು. ಭೋಂಗಾ ಬೇಡ, ಸಣ್ಣಗೆ. ಅವನು ಹಚ್ಚಿದ. ಅವಳು ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದಳು.

“ನನಗ ಎಂದೂ ಹಿಂಗ ಅಂದಿಲ್ಲ ನೋಡು ಅಂವ,” ಎಂದಳು. “ಅಂಜಬ್ಯಾಡ ಅಂತ.”

ಮಚ್ಚೇಂದ್ರ ಎಲ್ಲ ಹೇಳಿದ. ಸೈರನ್, ಸರ್ದಾರಬಿ, ಕೂಸು, ಪಂಚೆ, ಧನರಾಜ. ಹೇಳುವಾಗ ಅಭ್ಯಾಸಬಲದಿಂದ ಸರ್ದಾರಬಿಯ ಮಾತು ಸರ್ದಾರಬಿಯ ದನಿಯಲ್ಲಿ, ಧನರಾಜನದು ಧನರಾಜನ ದನಿಯಲ್ಲಿ ಬಂದವು. ದ್ರೌಪತಿ ನಗಲಿಲ್ಲ.

“ಬಂದೀನಿ, ಬಂದೀನಿ ಅಂತಾನ, ಬರಂಗಿಲ್ಲ. ಅದು ಹ್ಯಾಂಗ ಮಲಗಬೇಕು? ದಿನಾ ಬಾಗಿಲಾ ಕಾಯೋ ಹಂಗ ಮಾಡಿ ಕೂಡಿಸೀದಿ ಅದಕ್ಕ.”

“ಮತ್ತೇನು ಮಾಡ್ಲಿ ಅಕ್ಕಾ?”

“ನೀ ಅದೀಯಲ್ಲ. ನೀ ಬಂದೀನಿ ಅನ್ನು.”

“ನನ್ನ ದನಿ ಅದಕ್ಕ ಗೊತ್ತಿಲ್ಲ.”

“ನನಗೂ ಗೊತ್ತಿಲ್ಲ ತಮ್ಮಾ,” ಎಂದಳು ದ್ರೌಪತಿ. ಕೊಂಕಿರಲಿಲ್ಲ ಅದರಲ್ಲಿ. “ಹನ್ನೊಂದು ವರ್ಷದಿಂದ ನೋಡಾಕತ್ತೀನಿ. ಈಗ ಅಳಾಕತ್ತೀದಿ ನೋಡು, ಇದೊಂದು ನಿಂದು ಇರಬೇಕು.”

ಆಗಷ್ಟೇ ಅವನಿಗೆ ಹೊಳೆಯಿತು. ನರಸಿಂಗ ಇಲ್ಲಿದ್ದಾನೆಂದರೆ ಖೋಲಿಯಲ್ಲಿ ಇರುವುದು ಕಣ್ಣಿನ ಶಿಬಿರ. ಫೋನು ನೋಡಿದ, ಎರಡು ಐವತ್ತು. ಹತ್ತು ನಿಮಿಷಕ್ಕೆ ಸೈರನ್. ಹುಮನಾಬಾದು ಆಟೋಕ್ಕೆ ಒಂದು ತಾಸಿನ ದಾರಿ. ಸರ್ದಾರಬಿಯ ಫೋನಿಗೆ ಹಚ್ಚಿದರೆ ಎತ್ತಲಿಲ್ಲ. ದ್ರೌಪತಿಗೆ ಹೋಗಿಬರುತ್ತೇನೆಂದು ಹೇಳಿದನೋ ಇಲ್ಲವೋ ಅವನಿಗೇ ನೆನಪಿಲ್ಲ.

ಹೆದ್ದಾರಿಯಲ್ಲಿ ಹೋಗುವಷ್ಟು ದೂರವೂ ಅವನು ರಸ್ತೆಯ ಅಂಚು ನೋಡುತ್ತಲೇ ಇದ್ದ. ಖಾಕಿ ಬಣ್ಣದ್ದು ಏನು ಕಂಡರೂ ಕಾಲು ಬ್ರೇಕಿಗೆ ಹೋಗುತ್ತಿತ್ತು. ಆ ಸೀಮೆಯ ಬೇಸಿಗೆಯಲ್ಲಿ ಹುಲ್ಲು, ಮಣ್ಣು, ಗೋಣಿಚೀಲ, ಎಲ್ಲವೂ ಖಾಕಿಯೇ. ಮೂರು ಹೊಡೆದಾಗ ರಾಜೇಶ್ವರ ಇನ್ನೂ ಮುಂದಿತ್ತು. ಅಲ್ಲಿಗೆ ಯಾವ ಸೈರನ್ನೂ ಕೇಳುವುದಿಲ್ಲ. ಆದರೂ ಅವನಿಗೆ ಕೇಳಿತು, ಅದರ ಹಿಂದೆ ಊಳೂ ಕೇಳಿತು. ಈ ನಾಯಿಯೂ ಹೋದರೆ ಖೋಲಿಯಲ್ಲಿ ತನ್ನನ್ನು, ನೀನಲ್ಲ ಎಂದು ನೋಡುವ ಕಣ್ಣುಗಳೂ ಇರುವುದಿಲ್ಲ ಎನಿಸಿತು.

ಸರ್ದಾರಬಿ ಗೇಟಿನಲ್ಲೇ ನಿಂತಿದ್ದಳು. ಅವನು ಆಟೋ ಆರಿಸುವ ಮೊದಲೇ ತುಟಿಗೆ ಬೆರಳಿಟ್ಟಳು. ಕೂಸು ಮಲಗಿತ್ತು.

“ಒದರಿತೇನು ಖಾಲಾ?”

“ಇಲ್ಲ,” ಎಂದಳು. “ಆದ್ರ ನಿನ್ನ ಮಶೀನು ಬಂದ್ ಮಾಡು ಮೊದಲು. ಮಧ್ಯಾಹ್ನ ಒಂದರಿಂದ ಕಣ್ಣು ತೋರಿಸ್ಕೊಳ್ರಿ, ಕಣ್ಣು ತೋರಿಸ್ಕೊಳ್ರಿ. ಕೇಳಿ ಕೇಳಿ ನನಗ ಎರಡೂ ಕಣ್ಣಿಗಿ ಮೋತಿಬಿಂದು ಬಂದಂಗಾಗ್ಯಾದ. ಯಾರದ್ದು ಆ ಆವಾಜು? ಭಾಳ ಸಾದಾ ಮನಶ್ಯಾ ಇದ್ದಂಗದ.”

ನಂದೇ ಎಂದು ಅವನು ಹೇಳಿದರೆ ಅವಳು ನಂಬಲಿಲ್ಲ. ಚೇಷ್ಟೆ ಬಿಡು ಎಂದು ಒಳಗೆ ಹೋದಳು.

ಖೋಲಿಯ ಬಾಗಿಲು ತೆರೆದ. ಗೋಡೆಯ ಮಾಡದಿಂದ ಬಡಕಲು ದನಿ, ಬರುವ ರವಿವಾರ ಮುಂಜಾನೆ ಹತ್ತಕ್ಕೆ ಎಂದು, ಯಾರಿಗೋ ತೊಂದರೆಯಾದೀತೆಂಬಂತೆ ಹೇಳುತ್ತಿತ್ತು. ಕೆಳಗೆ ಹವಾಲ್ದಾರ ಬಾಗಿಲಿನಿಂದ ದೂರ, ಗೋಡೆಗೆ ಬೆನ್ನು ಕೊಟ್ಟು, ನಾಲ್ಕೂ ಕಾಲು ಚಾಚಿ ಮಲಗಿತ್ತು. ಎದೆಯ ಪಂಚೆ ಏರಿ ಇಳಿಯುತ್ತಿತ್ತು. ಮೂರು ತಿಂಗಳಲ್ಲಿ ಹಗಲು ಹೊತ್ತು ಅದರ ಕಣ್ಣು ಪೂರ್ತಿ ಮುಚ್ಚಿದ್ದನ್ನು ಅವನು ನೋಡಿರಲಿಲ್ಲ. ದನಿಯೋ, ಪಂಚೆಯೋ, ಬೆಳಗಿನ ಓಡಾಟವೋ, ಧನರಾಜನನ್ನು ಕೇಳಿದರೆ ಮೂರನ್ನೂ ಮುಂದುವರಿಸಿರಿ ಎನ್ನುತ್ತಾನೆ, ಅಷ್ಟೆ.

ಸ್ಪೀಕರ್ ಆರಿಸಿದ. ದನಿ ನಿಂತದ್ದೇ ನಾಯಿ ಎಚ್ಚರಾಯಿತು. ತಲೆ ಎತ್ತಿ ಅವನನ್ನು ನೋಡಿತು; ಆಮೇಲೆ ಅವನ ಹಿಂದೆ, ತೆರೆದ ಬಾಗಿಲನ್ನು ನೋಡಿತು. ಅಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ಮಚ್ಚೇಂದ್ರ ನೆಲದ ಮೇಲೆ ಕೂತ. ನಾಲಿಗೆ ತಾನಾಗಿ ಎಡದವಡೆಗೆ ಹೋಗಿ ಅಡಿಕೆ ಹುಡುಕಿತು. ಅಲ್ಲಿ ಅಡಿಕೆಯಿರಲಿಲ್ಲ.

“ನಾ ಒಬ್ಬನೇ ಬಂದೀನಿ,” ಎಂದ. ದನಿ ಹದಿನಾಲ್ಕನೆಯ ಸಲದ್ದಕ್ಕಿಂತಲೂ ಬಡಕಲಾಗಿತ್ತು. “ಅಂವ ಬರಂಗಿಲ್ಲ.”

ಮೂರು ತಿಂಗಳಲ್ಲಿ ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಹವಾಲ್ದಾರ ಇನ್ನೊಂದು ಗಳಿಗೆ ಬಾಗಿಲನ್ನೇ ನೋಡಿತು. ಆಮೇಲೆ ತಲೆಯನ್ನು ಮುಂಗಾಲಿನ ಮೇಲಿಟ್ಟಿತು. ಹತ್ತಿರ ಬರಲಿಲ್ಲ. ಇಬ್ಬರ ನಡುವೆ ನರಸಿಂಗನ ಚಾಪೆಯಷ್ಟು ಜಾಗ ಇತ್ತು; ಇಬ್ಬರೂ ಅದನ್ನು ಹಾಗೆಯೇ ಬಿಟ್ಟು, ತಮ್ಮ ತಮ್ಮ ಕಡೆ ಕೂತರು.

ಸ್ವಲ್ಪ ಹೊತ್ತಿನ ಮೇಲೆ ಮಚ್ಚೇಂದ್ರ, ಬೇರೆ ಏನು ಹೇಳಬೇಕೆಂದು ತೋಚದೆ, ಬರುವ ರವಿವಾರ ಮುಂಜಾನೆ ಹತ್ತಕ್ಕೆ ಎಂದು ಮೆಲ್ಲಗೆ ಶುರುಮಾಡಿದ. ನಾಯಿ ಕಣ್ಣು ಮುಚ್ಚಿತು.