ಜೀಪಿನಲ್ಲಿ ಬಂದ ಸಂತೆ

ಎಂಬತ್ತೆರಡನೇ ಇಸವಿಯಲ್ಲಿ ಅಲ್ಲಾಳಸಂದ್ರದ ನಮ್ಮ ಬಾಲವಾಡಿಗೆ ತಿಂಗಳಿಗೊಮ್ಮೆ ಜೀಪಿನಲ್ಲಿ ಸಂತೆ ಬರುತ್ತಿತ್ತು. ಬುಟ್ಟಿಯ ತುಂಬ ಕ್ಯಾರೆಟ್, ಟೊಮೇಟೊ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ. ಆಟ ಆಡಿಸಿ ಮಕ್ಕಳಿಗೆ ಒಳ್ಳೆಯ ಊಟ ಕಲಿಸುತ್ತೇವೆಂದು ಹೊರಟ ಯಾವುದೋ ಸಂಸ್ಥೆಯವರದು. ಮಗು ದುಡ್ಡಿನ ಬದಲು ಒಂದು ಕಲ್ಲು ಕೊಟ್ಟು ತನಗೆ ಬೇಕಾದದ್ದನ್ನು ಕೊಳ್ಳಬೇಕು, ಅದರಿಂದ ಮೈಗೇನು ಲಾಭವೆಂದು ಹೇಳಬೇಕು, ಆಮೇಲೆ ಬುಟ್ಟಿಗೇ ವಾಪಸ್ ಹಾಕಬೇಕು.

ನನ್ನ ಅಕ್ಕ ಸಬೀರಾಳ ಮಗಳು ಮಲ್ಕಾ, ನಾಲ್ಕು ವರ್ಷದವಳು, ಕ್ಯಾರೆಟ್ ಕೊಂಡವಳೇ ಕಚ್ಚಿಬಿಟ್ಟಳು. ಕೊಂಡದ್ದನ್ನು ತಿನ್ನದೆ ಪೂಜೆ ಮಾಡುತ್ತಾರೆಯೇ? ಬಂದವರು ಮುಖ ಸಿಂಡರಿಸಿದರು. ಟೀಚರ್ ಅಂಜನಮ್ಮ ಹುಡುಗಿಯನ್ನು ಮನೆಗೆ ಕಳಿಸಿ, ಮತ್ತೆ ಬರಬೇಡ ಎಂದರು. ಬಾಲವಾಡಿಯ ಜೊತೆ ಮಧ್ಯಾಹ್ನದ ಉಪ್ಪಿಟ್ಟೂ ಹೋಯಿತು. ಅಕ್ಕ ಊದುಬತ್ತಿ ಹೊಸೆದು ತರುವ ಕೂಲಿಗೂ ಗ್ಯಾರೇಜಿನಲ್ಲಿ ನನಗೆ ಸಿಗುವ ಚಿಲ್ಲರೆಗೂ ನಮ್ಮ ಮನೆಯಲ್ಲಿ ರಾತ್ರಿಯದೊಂದೇ ಊಟ.

ಗ್ಯಾರೇಜಿನಿಂದ ಮಸಿ ಕೈಯಲ್ಲೇ ಹೋದೆ.

“ಏನ್ ಟೀಚರ್, ತಿನ್ನೋದ್ ಕಲಿಸ್ತೀವಿ ಅಂತೀರ, ತಿಂದ್ರೆ ಆಚೆ ಹಾಕ್ತೀರ?”

“ಕೂಗಾಡ್ಬೇಡ ಕಣೋ ಅನ್ವರಾ. ಇದೇ ಬುಟ್ಟಿ ಇಲ್ಲಿಂದ ಅಟ್ಟೂರ್ಗೆ ಓಗ್ಬೇಕು. ಕಚ್ಚಿದ್ ಕ್ಯಾರೆಟ್ ಅಲ್ಲಿ ಯಾರ್ಗೆ ತೋರಿಸ್ತಾರೆ?”

“ಹಂಗಾದ್ರೆ ಮಕ್ಳ ಬಾಯಿಗೆ ಬಟ್ಟೆ ಕಟ್ಟಿ ಆಡ್ಸಿ!”

“ನಿಂಗೇನಪ್ಪ, ಬಾಯ್ ಮಾಡ್ಬುಟ್ಟು ಓಯ್ತೀಯ. ಉಪ್ಪಿಟ್ಟಿನ ರವೆ ಕೊಡೋರೂ ಅವ್ರೇ. ಅವ್ರು ಮುನಿಸ್ಕಂಡ್ರೆ ಎಲ್ಲಾ ಮಕ್ಳೂ ಉಪಾಸ. ವಾಪಸ್ ಇಡೋದ್ ಕಲಿಸಿ ಕರ್ಕಂಬಾ, ಸೇರಿಸ್ಕತೀನಿ.”

ಮೈ ಉರಿಯಿತು. ಆದರೆ ಅಂಜನಮ್ಮನನ್ನು ಬೈದರೆ ಮಲ್ಕಾಳ ಹೊಟ್ಟೆ ತುಂಬುತ್ತಿರಲಿಲ್ಲ. ದಾರಿಯಲ್ಲಿ ಒಂದು ಬಾಳೆಹಣ್ಣು ಕೊಂಡೆ.

ಮನೆಯಲ್ಲಿ ಅದನ್ನು ಅವಳ ಕೈಗೆ ಕೊಡುವುದು, ವಾಪಸ್ ಇಸಿದುಕೊಳ್ಳುವುದು. ಅತ್ತಳು. ಸಿಪ್ಪೆಗೆ ಉಗುರು ಹಾಕಿದಾಗೆಲ್ಲ ಕೈಗೆ ಏಟು ಬಿತ್ತು. ಆಟ ಮುಗಿದ ಮೇಲಾದರೂ ಕೊಡೋಣವೆಂದರೆ ಅಕ್ಕ ತಡೆದಳು.

“ಬೇಡ ಕಣೋ. ರುಚಿ ಹತ್ತಿದ್ರೆ ಅಲ್ಲೂ ಕಚ್ತಾಳೆ.”

ಹಣ್ಣು ಕಪ್ಪಾಗುವ ಹೊತ್ತಿಗೆ ಮಲ್ಕಾ ಮೂಸಿಯೂ ನೋಡದೆ ವಾಪಸ್ ಇಡುವುದನ್ನು ಕಲಿತಿದ್ದಳು.

ಮತ್ತೆ ಜೀಪು ಬಂದ ದಿನ ನಾನು ಬಾಗಿಲಲ್ಲಿ ನಿಂತೆ. ಮಲ್ಕಾಳ ಪಾಲಿಗೆ ಮೊಟ್ಟೆ ಬಂತು.

“ಮೊಟ್ಟೆ. ತಿಂದ್ರೆ ಶಕ್ತಿ ಬರುತ್ತೆ,” ಎಂದು ಕೂಗಿ ಹೇಳಿ, ಬುಟ್ಟಿಯಲ್ಲಿಟ್ಟು ಕೈ ಕಟ್ಟಿ ಕೂತಳು.

“ನೋಡಿದ್ರಾ? ಆಟದಲ್ಲಿ ಎಷ್ಟು ಬೇಗ ಕಲಿತ್ಬಿಡ್ತಾರೆ!” ಎಂದು ಬಂದಿದ್ದ ಹೆಂಗಸು ಚಪ್ಪಾಳೆ ತಟ್ಟಿದಳು. ಬುಟ್ಟಿ ಜೀಪು ಹತ್ತಿತು.

ಮಲ್ಕಾ ಓಡಿ ಬಂದು ನನ್ನ ಕಾಲು ತಬ್ಬಿಕೊಂಡಳು.

“ಮಾಮೂ, ನಾನು ತಿನ್ಲೇ ಇಲ್ಲ!”

“ಜಾಣೆ,” ಎಂದು ತಟ್ಟೆ ಕೊಟ್ಟು ಅವಳನ್ನು ಉಪ್ಪಿಟ್ಟಿನ ಸಾಲಿಗೆ ತಳ್ಳಿದೆ.