ನಡುಗಂಬದ ದನಿ

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಹಿತ್ತಲ ಮರ ಕಂಬವಾಗುವುದಕ್ಕೆ ಮಾತ್ರ ಆ ಮನೆಯಲ್ಲಿ ಯಾರ ತಕರಾರೂ ಇರಲಿಲ್ಲ. ಗಾಳಿಗೆ ಉರುಳಿದ ಮರಗಳನ್ನು ಮಾವನೇ ಅಂಗಳದ ಗರಗಸಕ್ಕೆ ಕೊಟ್ಟು ಕೊಯ್ದಿದ್ದರು. ನಡುನಡುವೆ ರೀಪಿನ ತುಂಡಿಟ್ಟು, ಗಾಳಿಯಾಡುವಂತೆ ಪೇರಿಸಿ ಒಣಗಿಸಿದ್ದರು. ಈಗ ಆ ಮರಗಳೆಲ್ಲ ಚೌಕ ಕಂಬಗಳಾಗಿ, ಹಲಗೆಗಳಾಗಿ, ಹಸುಗಳ ಹೊಸ ಕೊಟ್ಟಿಗೆಯ ಕನಸು ಕಾಣುತ್ತ ತಗಡಿನ ಚಪ್ಪರದಡಿ ಮಲಗಿದ್ದವು. ಬಿಸಿಲುಕೋಲಿನಲ್ಲಿ ಮರದ ಹೊಟ್ಟು ತೇಲುತ್ತಿತ್ತು. ಕೆಳಗಿಳಿಯುವ ಆತುರ ಅದರ ಒಂದು ಕಣಕ್ಕೂ ಇದ್ದಂತಿರಲಿಲ್ಲ.

ಸೊಸೆ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಮರ ಆರಿಸುವುದಕ್ಕೆ ಆ ಮನೆಯದೇ ಒಂದು ಪದ್ಧತಿ. ಮಾವ ಕೊಡತಿಯಿಂದ, ಆ ಮರದ ಸುತ್ತಿಗೆಯಿಂದ, ಮರಕ್ಕೊಂದು ಏಟು ಕೊಡಬೇಕು, ಕಣ್ಣು ಮುಚ್ಚಿ ಕೇಳಬೇಕು, ತೀರ್ಪು ಹೇಳಬೇಕು. ‘ಠಣ್’ ಅಂದರೆ ನೆಲಕ್ಕಿಳಿಯುವ ಕಂಬ, ‘ಠಕ್’ ಅಂದರೆ ಮೇಲಿನ ತೊಲೆ, ‘ದಪ್’ ಅಂದರೆ ಒಲೆ. ಆ ತೀರ್ಪಿಗೆ ಮೇಲ್ಮನವಿ ಇಲ್ಲ.

ಸೊಸೆಯ ಗಂಟಲಲ್ಲಿ ಒಂದು ಸಂತೆಯೇ ಇತ್ತು. ಅತ್ತೆಯ ಗೊಣಗು, ಹಾಲಿನವನ ಬೈಕು, ಮೊಟ್ಟೆಯಿಟ್ಟ ಕೋಳಿಯ ಜಂಬ, ಎಲ್ಲ ಅವಳ ಬಾಯಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದವು. ಗಂಟಿಗೆ ಸಿಕ್ಕಿಕೊಂಡ ಗರಗಸದ ಕೂಗನ್ನು ಅವಳು ಹೊರಡಿಸಿದರೆ ಮಾವ ತಿರುಗಿ, “ಯಾಕಮ್ಮಾ, ಎಣ್ಣೆ ಬೇಕಾ?” ಎನ್ನುತ್ತಿದ್ದರು. ಈಚೆಗೊಂದು ದಿನ ಅವರ ಬೆನ್ನ ಹಿಂದೆ ನಿಂತು ಹಾಗೇ ಕೂಗಿದಳು. ಮಾವ ತಿರುಗಲಿಲ್ಲ. ಮುಂದೆ ಬಂದು ಕೂಗಿದಳು. ಅವಳ ತುಟಿ ನೋಡಿ ನಕ್ಕರು. ಅಂದಿನಿಂದ ಅವಳೊಳಗೆ ಒಂದು ಸಿಬಿರು ಮುರಿದು ಕೂತಿತ್ತು.

“ಅವರಿಗೆ ಬೇಕಾದ್ದು ಮಾತ್ರ ಕೇಳ್ಸುತ್ತೆ ಕಣೇ,” ಎನ್ನುವುದು ಅತ್ತೆಯ ಸಿದ್ಧಾಂತ. “ತೊಟ್ಟಿಗೆ ನೀರು ತುಂಬ್ಸಿ ಅಂದ್ರೆ ಕಲ್ಲು. ತಟ್ಟೆ ಸದ್ದಾದ್ರೆ ಬಾಗಿಲಲ್ಲಿ ಹಾಜರು.”

ಸದ್ದಲ್ಲ, ಒಗ್ಗರಣೆಯ ಘಮ ಕರೆಯುತ್ತದೆ ಎಂದು ಸೊಸೆಗೆ ಗೊತ್ತಿತ್ತು. ಹೇಳಿರಲಿಲ್ಲ. ಹಿಂದೆ ಮಾವನ ಅಣ್ಣನ ಕಣ್ಣು ಮಂಜಾದಾಗ ಮಾವನೇ ಅವರ ಕೈಯಿಂದ ಗರಗಸ ಬಿಡಿಸಿದ್ದರಂತೆ. “ಇಂದ್ರಿಯ ಕೈಕೊಟ್ಟವನು ಕೈಯಲ್ಲಿ ಗರಗಸದ ಹಲ್ಲು ಹಿಡೀಬಾರ್ದು,” ಎಂದಿದ್ದರಂತೆ. ಆ ಮಾತು ಈಗ ಅವರ ಬಾಗಿಲಿಗೇ ಬಂದು ನಿಂತರೆ?

ಮಾವ ಮೊದಲ ಕಂಬಕ್ಕೆ ಹೊಡೆದರು. ಠಣ್! ದನಿ ಚಪ್ಪರವನ್ನೆಲ್ಲ ಒಮ್ಮೆ ಸುತ್ತಿ, ಹುಲ್ಲಿನ ಮೇಲೆ ಹೋಗಿ ಕೂತಿತು. “ಕಂಬ,” ಎಂದರು. ಮುಂದಿನದು ಠಕ್. “ತೊಲೆ,” ಎಂದರು. ಎರಡೂ ಸರಿ. ಕಣ್ಣು ಮುಚ್ಚುವ ಮೊದಲೇ ಎಳೆಯನ್ನೂ ಬಣ್ಣವನ್ನೂ ಅವರು ಓದಿಬಿಡುತ್ತಾರೆ ಎಂದು ಸೊಸೆಗೆ ಹೊಳೆಯಿತು.

ಆಮೇಲೆ ನಡುಗಂಬದ ಸರದಿ. ಎಲ್ಲಕ್ಕಿಂತ ದಪ್ಪ, ಒಂದು ಗಂಟಿಲ್ಲ, ಜೇನಿನ ಬಣ್ಣ. ಸೂರಿನ ಭಾರವೆಲ್ಲ ಇದರ ತಲೆಗೇ. ಮಾವ ಪ್ರೀತಿಯಿಂದ ಸವರಿ, ಹೊಡೆದರು.

ದಪ್.

ಉಂಡು ಮಲಗಿದವನ ಹೊಟ್ಟೆ ತಟ್ಟಿದಂತಿತ್ತು. ಒಳಗೆಲ್ಲೋ ಟೊಳ್ಳು.

“ಠಣ್!” ಮಾವ ಕಣ್ಣು ಮುಚ್ಚಿಕೊಂಡೇ ನಕ್ಕರು. “ಕೇಳಿದ್ಯಾ? ಗುರುತು ಹಾಕು.”

ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು. ಆಚೆ ಗುಂಡಿ ತೋಡುತ್ತಿದ್ದ ಗಂಡ ಹಾರೆ ಊರಿ ಕೂಗಿದ: “ನಡುಗಂಬ ಸಿಕ್ತಾ? ಗುಂಡಿ ಬಾಯ್ಬಿಟ್ಕೊಂಡು ಕಾಯ್ತಿದೆ!”

ಟೀ ತಂದ ಅತ್ತೆ ಮಾವನ ಬೆನ್ನ ಹಿಂದಿನಿಂದಲೇ ಹೇಳಿದರು: “ಹಾಕೇ. ಅವರು ಠಣ್ ಅಂದ್ಮೇಲೆ ಠಣ್ಣೇ.”

ಸೊಸೆಯ ಕಣ್ಣೆದುರು ಇನ್ನೂ ಕಟ್ಟದ ಕೊಟ್ಟಿಗೆ ತೇಲಿ ಬಂತು. ಹಸುಗಳು ಮೆಲುಕು ಹಾಕುತ್ತಿವೆ; ಸೂರು ನಿದ್ದೆಗಣ್ಣಿನವರ ತಲೆಯಂತೆ ಮೆಲ್ಲಗೆ, ಇನ್ನೂ ಮೆಲ್ಲಗೆ, ಅವುಗಳ ಮೇಲೆ ಬಾಗುತ್ತಿದೆ.

“ಮಾವ,” ಎನ್ನುತ್ತ ಅವರ ಮುಂದೆ ಹೋಗಿ ನಿಂತಳು. “ಇನ್ನೊಂದ್ಸಲ ಹೊಡೀರಿ. ಈ ದನಿ ಕಲೀಬೇಕು ನಂಗೆ.”

“ಅದಕ್ಕೇನು, ಕಲಿ.” ಹೊಡೆದರು.

ಸೊಸೆ ಕಲಿತದ್ದನ್ನು ಒಪ್ಪಿಸಿದಳು. ಗಂಟಲು ಬಳಸಲಿಲ್ಲ, ಅತ್ತೆಗಾಗಲಿ ಗಂಡನಿಗಾಗಲಿ ಕೇಳಬಾರದಿತ್ತು. ಬರೀ ತುಟಿ ತೆರೆದಳು, ಮುಚ್ಚಿದಳು. ದಪ್.

ಮಾವನ ನಗು ಅರ್ಧ ದಾರಿಯಲ್ಲಿ ನಿಂತಿತು. ಠಣ್ ಎನ್ನುವವರ ತುಟಿ ಮುಚ್ಚುವುದಿಲ್ಲ. ಅವರು ಅವಳ ಬಾಯನ್ನೇ ನೋಡಿದರು. ಅವಳು ಮತ್ತೊಮ್ಮೆ, ನಿಧಾನವಾಗಿ, ತುಟಿ ಮುಚ್ಚಿದಳು. ಅವಳ ಕಣ್ಣು ತುಂಬಿತ್ತು.

ಮಾವ ಕೊಡತಿಯನ್ನು ಅವಳ ಕೈಗಿಟ್ಟು, ಮೊದಲು ಆರಿಸಿದ ಕಂಬದ ಬಳಿ ಮಂಡಿಯೂರಿ, ಅದರ ತುದಿಗೆ ಕೆನ್ನೆ ಒತ್ತಿದರು. “ಆ ಕಡೆಯಿಂದ ಹೊಡಿ.”

ಹೊಡೆದಳು. ಅವರ ಹುಬ್ಬು ಮೇಲೇರಿತು. “ನಡುಕ ಹಲ್ಲಿನವರೆಗೂ ಬಂತು,” ಎಂದು ಪಿಸುಗುಟ್ಟಿದರು. ಎದ್ದು ಹೋಗಿ ಜೇನುಬಣ್ಣದ ಕಂಬಕ್ಕೆ ಕೆನ್ನೆ ಕೊಟ್ಟರು. ಹೊಡೆದಳು. ಇನ್ನೂ ಜೋರಾಗಿ ಹೊಡೆದಳು. ಮಾವ ಖಾಲಿ ಮನೆಯ ಕದ ತಟ್ಟಿ ನಿಂತವರಂತೆ ಕಾದರು. ಯಾರೂ ಬರಲಿಲ್ಲ.

ಸೀಮೆಸುಣ್ಣ ಇಸಿದುಕೊಂಡು ತಾವೇ ಬರೆದರು: ಒಲೆ.

“ರೀ, ಈಗ ತಾನೆ ಠಣ್ ಅಂದ್ರಲ್ಲ! ಮರಕ್ಕೂ ಮುಹೂರ್ತಕ್ಕೊಂದು ಮಾತಾ?” ಎಂದರು ಅತ್ತೆ.

ಅತ್ತೆಯ ಮಾತಿಗಲ್ಲ, ಸೊಸೆಯ ನೋಟ ಹೋದ ಕಡೆಗೆ ಮಾವ ತಿರುಗಿದರು. “ಏನಂದ್ಯೋ ಗೊತ್ತಾಗ್ಲಿಲ್ಲ ಕಣೇ,” ಎಂದರು. “ಕೇಳಿಸ್ತಿಲ್ಲ ನಂಗೆ. ಬಹಳ ದಿನ ಆಯ್ತು.”

ಅತ್ತೆಯ ನಾಲಗೆಯ ತುದಿಗೆ ಬಂದಿದ್ದ ಚುಚ್ಚುಮಾತು ಅಲ್ಲೇ ಕರಗಿತು. ಲೋಟ ಹಿಡಿದು, ಸುತ್ತಿ ಬಂದು, ಗಂಡನ ಮುಖಕ್ಕೆ ಮುಖ ಕೊಟ್ಟು ನಿಂತರು. ಹೊಸದಾಗಿ ಮಾತು ಕಲಿತವರಂತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು: “ಟೀ... ಆರ್‌ತಿದೆ.”

“ಇರು. ನಡುಗಂಬ ಸಿಗ್ಲಿ.”

“ಗರಗಸ ಬಿಡ್ತೀರಾ ಮಾವ?” ಸೊಸೆ ಕೇಳಿಯೇಬಿಟ್ಟಳು.

ಅವರು ಅವಳ ತುಟಿ ಓದಿಕೊಂಡರು. “ಅಣ್ಣನಿಗೆ ಹೇಳಿದ್ದು ನಾನೇ ತಾನೇ,” ಎಂದರು. ಅಂಗಳದ ಗರಗಸದ ಕಡೆ ಒಮ್ಮೆ ನೋಡಿದರು. “ಒಬ್ನೇ ಅಂತೂ ಮುಟ್ಟಲ್ಲ. ಪಕ್ಕದಲ್ಲಿ ನೀನು ನಿಂತಿದ್ರೆ ನೋಡೋಣ. ಈಗ ಹೊಡಿ.”

ಮುಂದಿನ ಕಂಬ ನೋಡಲು ಅಷ್ಟೇನೂ ಚೆಲುವಿನದಲ್ಲ. ಮೈತುಂಬ ಗಂಟು, ಒಂದು ಬದಿ ಕಪ್ಪು. ಮಾವ ಅದಕ್ಕೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದರು. ಅತ್ತೆ ಲೋಟದ ಮೇಲೆ ಅಂಗೈ ಮುಚ್ಚಿ ಹಿಡಿದರು. ಸೊಸೆ ಕೊಡತಿ ಎತ್ತಿ ಹೊಡೆದಳು. ದನಿ ಮರದೊಳಗೆ ಇಳಿದು, ಎಳೆಯಿಂದ ಎಳೆಗೆ ಹರಿದು, ಬಹಳ ದೂರದಿಂದ ನಡೆದುಬಂದ ನೆಂಟನಂತೆ ಆ ತುದಿಯಲ್ಲಿ ಮಾವನ ಕೆನ್ನೆಯನ್ನು ಮುಟ್ಟಿತು. ಮಾವ ಕಣ್ಣು ತೆರೆಯಲು ಅವಸರ ಮಾಡಲಿಲ್ಲ.