ವಿಲ್ಮಾಳ ಪಾಲಿನ ಬಟಾಣಿ

ಕಾಫಿ ಆರುತ್ತಾ ಬಂದರೂ ವಿಲ್ಮಾ ಚೀಲಕ್ಕೆ ಕೈಹಾಕಲಿಲ್ಲ. ಆಂಗೇಲಾ ಕನ್ನಡಕ ಏರಿಸಿ, ಸಹಿ ಹಾಕಲು ಪೆನ್ನು ಹಿಡಿದು ಕಾಯುತ್ತಲೇ ಇದ್ದಳು.

ಬಾಯಾ ಪಟ್ಟಣದಲ್ಲಿ ವಿಮೆ ಏಜೆಂಟರಿಗೇನು ಬರವಿಲ್ಲ. ಆದರೆ ದಿನಕ್ಕೊಂದು ಹೆಸರಿರುವ ಅಲ್ಲಿನ ಕ್ಯಾಲೆಂಡರಿನಲ್ಲಿ ಗಿರಾಕಿಯ ಹೆಸರು ಬಂದ ದಿನ, ಅವರ ಹೆಸರುಹಬ್ಬಕ್ಕೆಂದು ಹೂಕುಂಡ ಹಿಡಿದು ಬಾಗಿಲು ತಟ್ಟುವವಳು ವಿಲ್ಮಾ ಒಬ್ಬಳೇ. ಅಂದು ವ್ಯಾಪಾರದ ಮಾತೆತ್ತಬಾರದು ಎಂಬುದು ಅವಳೇ ಹಾಕಿಕೊಂಡ ನೇಮ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮುರಿದಿರಲಿಲ್ಲ. ಆಂಗೇಲಾಳ ಹಬ್ಬ ಮೇ ತಿಂಗಳ ಕೊನೆಯ ದಿನ. ಈ ಸಲ ಅಂದೇ ಸಂಜೆಯೊಳಗೆ ಇನ್ನೊಂದು ದೊಡ್ಡ ಪಾಲಿಸಿ ಆಗದಿದ್ದರೆ ವಿಲ್ಮಾಳ ಕೆಲಸ ಹೋಗುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಸುದ್ದಿ. ಮೀನಿನ ಬಲೆ ಹೆಣೆದು ಬದುಕುವ ಆಂಗೇಲಾ ಆದ್ದರಿಂದಲೇ ತಾನಾಗಿ ಫೋನು ಮಾಡಿದ್ದಳು. ಅಪ್ಪನ ದ್ರಾಕ್ಷಿತೋಟ ಮಾರಿದ ಹಣವಿದೆ, ವಿಮೆಯೂ ಷೇರುಪೇಟೆಯೂ ಒಂದರಲ್ಲೇ ಇರುವ ಆ ದೊಡ್ಡ ಪಾಲಿಸಿಗೆ ಹಾಕುತ್ತೇನೆ ಎಂದಿದ್ದಳು.

"ಕಾಗದ ತೆಗಿ ಅಕ್ಕ. ಹಬ್ಬ ನಂದು, ನೇಮ ಮುರಿಯೋ ಹಕ್ಕೂ ನಂದೇ."

ನೀನಿಲ್ಲದಿದ್ದರೆ ಯಾರ ಊಟ ನಿಲ್ಲುತ್ತದೆ ಎಂದು ವಿಲ್ಮಾ ಕೇಳಿದಳು. ಆಂಗೇಲಾ ಹೊಸ್ತಿಲ ಕಡೆ ನೋಡಿದಳು. ಅಲ್ಲಿ ಅವಳ ತಮ್ಮ ಕಾಲ್ಮಾನ್ ಬಟಾಣಿ ಸುಲಿಯುತ್ತ ಕೂತಿದ್ದ. ವಯಸ್ಸು ನಲವತ್ತು, ಬುದ್ಧಿ ಆರು ವರ್ಷದ ಮಗುವಿನದು.

ವಿಲ್ಮಾ ಅವನಿಂದ ಒಂದು ಬೊಗಸೆ ಕಾಳು ಕೇಳಿ ಪಡೆದು ಮೇಜಿನ ಮೇಲೆ ಹರಡಿದಳು. ಇದು ಆ ದೊಡ್ಡ ಪಾಲಿಸಿಗೆ ಹಾಕುವ ನಿನ್ನ ಹಣ ಎಂದಳು. ಒಂದಿಷ್ಟನ್ನು ಕಂಪನಿಯ ಖರ್ಚಿಗೆಂದು ಆಚೆ ಸರಿಸಿದಳು, ಇನ್ನೊಂದಿಷ್ಟನ್ನು ತನ್ನ ಕಮಿಷನ್ ಎಂದು ತನ್ನ ಮುಂದೆ ಗುಡ್ಡೆಮಾಡಿದಳು. ಉಳಿದದ್ದಷ್ಟೇ ಷೇರುಪೇಟೆಗೆ ಹೋಗುವುದು. ನಡುವೆ ಬಿಡಿಸಿಕೊಂಡರೆ ಅದರಲ್ಲೂ ಕಡಿತ. ಮ್ಯೂಚುವಲ್ ಫಂಡಿನಲ್ಲಿ ಖರ್ಚು ಕಡಿಮೆ, ಬೇಕಾದಾಗ ತೆಗೆಯಬಹುದು. ಪೇಟೆ ಬಿದ್ದರೆ ಎರಡಕ್ಕೂ ಪೆಟ್ಟೇ. ಆದರೆ ನೀನು ನಾಳೆಯೇ ಸತ್ತರೆ ಫಂಡು ಇದ್ದಷ್ಟೇ ಕೊಡುತ್ತದೆ, ಅದು ಕಾಲ್ಮಾನನಿಗೆ ಸಾಲದು. ಅವನಿಗಾಗಿ, ಸತ್ತರಷ್ಟೇ ದೊಡ್ಡ ಮೊತ್ತ ಕೊಡುವ ಒಂದು ಬರಿಯ ಜೀವವಿಮೆ ಮಾಡಿಸು, ಕಂತು ಚಿಕ್ಕದು. ಮಿಕ್ಕ ಹಣ ಬ್ಯಾಂಕಿಗೆ ಹೋಗಿ ಫಂಡಿಗೆ ಹಾಕು ಎಂದಳು.

"ಆ ಚಿಕ್ಕದ್ರಲ್ಲಿ ನಿನ್ ಕೆಲಸ ಉಳಿಯುತ್ತಾ?"

"ಇಲ್ಲ. ಹಾಗಂತ ಅವನ ತಟ್ಟೆಗೆ ಕೈ ಹಾಕ್ಲೇನೇ?"

ಇಂಥವಳನ್ನು ಬಿಟ್ಟುಕೊಡುವ ಕಂಪನಿಗೆ ಕಣ್ಣಿಲ್ಲ ಎಂದು ಆಂಗೇಲಾಳಿಗೆ ಅನ್ನಿಸಿತು. ಅವಳೂ ಹಟಮಾರಿಯೇ. ನನ್ನ ಹಣ, ನನ್ನಿಷ್ಟ ಎನ್ನುತ್ತ ಚೀಲವನ್ನು ಎಳೆದುಕೊಂಡು ತಾನೇ ತೆರೆದಳು.

ದೊಡ್ಡ ಪಾಲಿಸಿಯ ಕಾಗದಗಳು ಅದರಲ್ಲಿ ಇರಲೇ ಇಲ್ಲ. ಇದ್ದದ್ದು ಬರಿಯ ಜೀವವಿಮೆಯ ಒಂದು ಅರ್ಜಿ. ಹಣ ಯಾರಿಗೆ ಸೇರಬೇಕು ಎಂಬಲ್ಲಿ ವಿಲ್ಮಾಳ ದುಂಡನೆಯ ಅಕ್ಷರದಲ್ಲಿ ಕಾಲ್ಮಾನನ ಹೆಸರು ಆಗಲೇ ಬರೆದಿತ್ತು.

"ಮನೆ ಬಿಡೋವಾಗ್ಲೇ ಬರ್ದೆ," ಎಂದಳು ವಿಲ್ಮಾ, ಆರಿದ ಕಾಫಿ ಕುಡಿಯುತ್ತ. "ಇಲ್ಲಿ ಬಂದ್ಮೇಲೆ ನನ್ ಮನಸ್ಸು ತಿರುಗಿದ್ರೆ ಅಂತ."

ಆಂಗೇಲಾ ಸಹಿ ಹಾಕಿದಳು. ಕಾಲ್ಮಾನ್ ಬೋಗುಣಿ ಹಿಡಿದು ಬಂದು ಮೇಜಿನ ಮೇಲಿನ ಕಾಳನ್ನೆಲ್ಲ ಬಾಚತೊಡಗಿದ. ವಿಲ್ಮಾಳ ಮುಂದಿದ್ದ ಗುಡ್ಡೆಯ ಹತ್ತಿರ ಅವನ ಕೈ ನಿಂತಿತು. ಅದು ಅವಳದೆಂದು ಅವಳೇ ಹೇಳಿದ್ದಳಲ್ಲ. ಒಂದು ಕಾಳೂ ಬಿಡದೆ ಆರಿಸಿ, ಅವಳ ಖಾಲಿ ಚೀಲಕ್ಕೆ ಹಾಕಿದ.